ಒದ್ದೆ ಗೋಡೆ

“ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು ನನಗೆ ಪಾಠ ಹೇಳ್ತೀಯಾ? ನಡಿ, ಮೊಳೆ ಹೊಡಿ!” ಎಂದು ಕ್ಯುರೇಟರ್ ಶ್ರೀವತ್ಸ ಗದರಿದಾಗ, ದಿಲ್ಲಿಯ ವಸಂತ್ ಕುಂಜ್‌ನಿಂದ ಚಿತ್ರ ನೋಡಲು ಬಂದಿದ್ದ ಕನ್ನಡದ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಗಾಜಿಯಾಬಾದ್ ಪಕ್ಕದ ಪುಟ್ಟ ಊರಿನ ಆ ಸರ್ಕಾರಿ ಚಿತ್ರಶಾಲೆಯಲ್ಲಿ ಚಿತ್ರ ತೂಗುಹಾಕುವ ಹನುಮೇಶನ ಕಿವಿ ಕೆಂಪಗಾಯಿತು. ತೇವ ಇದೆಯೇ ಎಂದು ನೋಡಲು ಬಾಗಿಲೆದುರಿನ ಗೋಡೆಗೆ ನಿನ್ನೆ ತಾನೇ ಅಂಟಿಸಿದ್ದ ಹಳೇ ಪೇಪರನ್ನು ಕಿತ್ತು ಹಿಂಡಿದ. ಬೆರಳೆಲ್ಲ ಒದ್ದೆಯಾಯಿತು.

“ಇಲ್ಲಿ ಹಾಕಿದ್ರೆ ಮಳೆಗಾಲ ಮುಗಿಯೋದ್ರೊಳಗೆ ಯಮುನೆ ಚಿತ್ರಕ್ಕೆ ಬೂಷ್ಟು ಹಿಡಿಯುತ್ತೆ, ಸಾರ್.”

“ಹಿಡೀಲಿ ಬಿಡೋ! ಸಂಜೆ ಮಿನಿಸ್ಟ್ರು ಬಂದ ತಕ್ಷಣ ಕಾಣ್ಬೇಕು. ಕೆಲಸ ಬೇಕೋ, ಬೇಡ್ವೋ?”

ಆ ಯಮುನೆಯ ಚಿತ್ರ ಬರೆದ ಮುದುಕ ಈಗಿಲ್ಲ, ಅಂಥ ಇನ್ನೊಂದನ್ನು ಬರೆಯಲು ಯಾರಿಗೂ ಬರುವುದಿಲ್ಲ. ಹನುಮೇಶ ಸುತ್ತಿಗೆಯನ್ನು ಶ್ರೀವತ್ಸನ ಮೇಜಿನ ಮೇಲಿಟ್ಟ. ಚಿತ್ರವನ್ನು ಎದೆಗವಚಿಕೊಂಡು, ತೇವವಿಲ್ಲದ ಒಳಕೋಣೆಯತ್ತ ನಡೆದ.