ಚೆನ್ನಬಸಮ್ಮ ತಾನೇ ಹತ್ತಿದ ಇಳಿಜಾರು

ಕಂಪ್ಲಿಯ ಎರ್ರೆಪ್ಪ ಮೇಸ್ತ್ರಿ ಏನೇ ಕಟ್ಟಲಿ, ನೆಲಗಟ್ಟು ರಸ್ತೆಗಿಂತ ಎರಡಡಿ ಮೇಲಿರಲೇಬೇಕು. ಎತ್ತರವಿದ್ದರೇ ಕಟ್ಟಡಕ್ಕೆ ಮರ್ಯಾದೆ ಎಂಬುದು ಅವನ ನಂಬಿಕೆ. ಮಹಿಳಾ ಸಂಘದ ಹೊಸ ಭವನಕ್ಕೂ ಹಾಗೆಯೇ ಎಬ್ಬಿಸಿದ್ದ. ಗಾಲಿಕುರ್ಚಿಗೊಂದು ಇಳಿಜಾರು ಕಟ್ಟು ಎಂದು ಸಂಘದವರು ಹೇಳಿದರೆ, ರೈಸ್ ಮಿಲ್ಲಿನಲ್ಲಿ ಹಮಾಲರು ಮೂಟೆ ಹೊತ್ತು ಏರುವಂಥ ಕಡಿದಾದದ್ದನ್ನೇ ಬಾಗಿಲ ಮುಂದೆ ಕಟ್ಟಿ ಮೀಸೆ ತಿರುವಿದ.

ನೋಡಲು ಬಂದ ಅವನ ಅಕ್ಕ ಚೆನ್ನಬಸಮ್ಮ ಅಂಗಳದಲ್ಲೇ ಗಾಲಿಕುರ್ಚಿ ನಿಲ್ಲಿಸಿದಳು. “ನಾ ಒಲ್ಲೆ. ಭವನದ ಪೂಜಿ ದಿನಾನೂ ಬರಂಗಿಲ್ಲ.”

ಒಂದು ಕಾಲಕ್ಕೆ ಅವಳ ಸೋಬಾನೆ ಇಲ್ಲದೆ ಓಣಿಯಲ್ಲಿ ಮದುವೆಯೇ ಇರಲಿಲ್ಲ. ಕಾಲು ಸ್ವಾಧೀನ ತಪ್ಪಿದ ಮೇಲೆ ಒಂದು ಮದುವೆಯಲ್ಲಿ ಮೆಟ್ಟಿಲು ಹತ್ತಿಸಲು ನಾಲ್ವರು ಗಂಡಸರು ಅವಳನ್ನು ಕುರ್ಚಿ ಸಮೇತ ಎತ್ತಿದರು. ಸೀರೆ ಸರಿಯಿತು. ಅಂದಿನಿಂದ ಹಾಡೂ ನಿಂತಿತು.

“ನಾ ದಬ್ಬತೀನಿ ಬಾರಕ್ಕ!” ಎಂದ ಎರ್ರೆಪ್ಪ.

“ದಬ್ಬಿಸ್ಕೊಂಡು ಹೋಗಾಕ ನಾನೇನು ಅಕ್ಕಿ ಮೂಟೀ ಏನಲೇ?”

ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಪಲ್ಲವಿ ನಕ್ಕಳು. “ಮಾವ, ಒಂದ್ಸಲ ನೀವ ಕುಂದ್ರಿ. ಯಾರೂ ದಬ್ಬಬ್ಯಾಡ್ರಿ.”

ಅಕ್ಕ ಕಟ್ಟೆಗೆ ಸರಿದು ಕುರ್ಚಿ ಬಿಟ್ಟುಕೊಟ್ಟಳು. ಎರ್ರೆಪ್ಪ ಜಂಬದಿಂದ ಗಾಲಿ ತಿರುಗಿಸಿದ. ಅರ್ಧಕ್ಕೇ ತೋಳು ಸೋತು, ಕುರ್ಚಿ ಹಿಂದಕ್ಕೆ ಜಾರಿ, ಮೇಸ್ತ್ರಿ ಸೀದಾ ಮರಳಿನ ಗುಡ್ಡೆ ಪಾಲಾದ. ಸಂಘದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಎಷ್ಟು ದಿನದ ಮೇಲೆ ಕೇಳಿದ ನಗು! ಎರ್ರೆಪ್ಪನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

“ಒಂದಡಿ ಎತ್ತರಕ್ಕ ಹನ್ನೆರಡಡಿ ಉದ್ದ ಬೇಕು ಮಾವ. ನಿಮ್ಮ ಎರಡಡಿಗೆ ಇಪ್ಪತ್ನಾಕು,” ಎಂದಳು ಪಲ್ಲವಿ.

“ಅಷ್ಟು ಜಾಗ ಎಲ್ಲೈತವ್ವ? ಮುಂದ ರಸ್ತೆ ಐತಿ.”

“ಗ್ವಾಡಿ ಮಗ್ಗಲಿಂದ ತರ್ರಿ. ಎರಡೂ ಕಡೆ ಹಿಡಿಯಾಕ ಕಂಬಿ ಹಾಕ್ರಿ. ಹೊಸ್ತಿಲಾ ನೆಲಕ್ಕ ಸಮ ಇರ್ಲಿ. ಶೌಚಾಲಯದ ಬಾಗಲಾನೂ ಮೂರಡಿ ಅಗಲ ಬೇಕು.”

“ಒಬ್ಬಾಕಿ ಸಲುವಾಗಿ ಇಷ್ಟ್ಯಾಕ ಅಂತಾರ ಮಂದಿ.”

“ಒಬ್ಬಾಕಿಗಷ್ಟ ಅಲ್ರಿ. ಬಸುರಿ ಹೇಮಾ ಅದಾಳ, ಕೋಲು ಹಿಡಿಯೋ ಹುಸೇನಮ್ಮಜ್ಜಿ ಅದಾಳ. ಅನ್ನದ ಡಬರಿ ಹೊತ್ತು ಬರೋರಿಗೂ ಆಗ್ತೈತಿ.”

ಎರ್ರೆಪ್ಪ ಹಾರೆ ತಂದ. ತಾನು ಕಟ್ಟಿದ್ದನ್ನು ತಾನೇ ಒಡೆದು, ಪಲ್ಲವಿ ಹೇಳಿದಂತೆ ಗೋಡೆ ಪಕ್ಕದಿಂದ ಮತ್ತೆ ಕಟ್ಟಿದ.

ಪೂಜೆಯ ದಿನ ಚೆನ್ನಬಸಮ್ಮ ಹೊಸ ಇಳಿಜಾರು ಏರತೊಡಗಿದಳು. ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ ತಮ್ಮನ ಕೈ ತಾನಾಗಿ ಮುಂದೆ ಹೋಯಿತು.

“ಕೈ ತಗಿಲೇ!”

ಎಲ್ಲರೂ ಕಾದರು. ಅವಳು ಒಬ್ಬಳೇ ಹೊಸ್ತಿಲು ದಾಟಿದಳು. ದಾಟಿದವಳೇ ಸೋಬಾನೆ ಎತ್ತಿಕೊಂಡಳು.

ನಿಮ್ಮೂರಲ್ಲೂ ಶಾಲೆ, ಭವನ, ಬಸ್ ನಿಲ್ದಾಣ ಕಟ್ಟುತ್ತಿದ್ದಾರೆಯೇ? ಪಾಯ ತೋಡುವ ಮುನ್ನವೇ ಕೇಳಿ: ಇಲ್ಲಿಗೆ ಎಲ್ಲರೂ ತಾವಾಗಿಯೇ ಬರಬಲ್ಲರೇ? ಕಟ್ಟಿದ್ದು ತಪ್ಪಾಗಿದ್ದರೆ ಒಡೆದು ಕಟ್ಟಲು ನಾಚಬೇಡಿ. ನಿಮ್ಮ ಓಣಿಯ ಚೆನ್ನಬಸಮ್ಮನ ಹಾಡು ಅಂಗಳದಲ್ಲೇ ಉಳಿಯದಿರಲಿ.