ಒಪ್ಪಿಗೆಯ ನೀರು

ಎರಡನೆಯ ಚೊಂಬು ನೀರು ಸುರಿದರೂ ಹೋತ ಮೈ ಕೊಡವಲಿಲ್ಲ. ಕೊರಳಲ್ಲಿ ಚೆಂಡುಹೂವಿನ ಸರ, ಹಣೆಗೆ ಭಂಡಾರದ ಅರಿಸಿನ, ಗಡ್ಡದಿಂದ ತೊಟ್ಟಿಕ್ಕುವ ನೀರು. ಅಕ್ಕಿಕಾಳಿನ ಹೊತ್ತಿಗೆ ಹೆಣ್ಣು ಒಲ್ಲೆನೆಂದ ಮದುಮಗನ ಹಾಗೆ ಬಿಗಿದುಕೊಂಡು ನಿಂತಿತ್ತು. ಹಗ್ಗ ಗುಂಡವ್ವನ ಕೈಯಲ್ಲಿತ್ತು. ಹರಕೆ ಹೊರಟದ್ದು ಅವಳ ಬಾಯಿಂದ, ಹಾಗಾಗಿ ಹಗ್ಗವೂ ಅವಳದೇ.

ಗುಡಿಯ ಮುಂದೆ ಕಡಿದರೆ ಪೊಲೀಸರು ಬಂದಾರೆಂದು, ಕನ್ನೊಳ್ಳಿ ಊರಿನ ಈಚೆ ಬದಿಯ ತೊಗರಿ ಹೊಲದ ಬದುವಿಗೆ ದ್ಯಾಮವ್ವನನ್ನೇ ಒಂದು ಕಲ್ಲಾಗಿ ಕರೆತಂದಿದ್ದರು. ನೀರು ಹಾಕುವವನು ಮೈದುನ ಯಂಕಪ್ಪ, ಕತ್ತಿ ಹಿಡಿದವನು ಅವನ ಗೆಳೆಯ ಪರಶು. ನೀರು ಬಿದ್ದಾಗ ಹೋತ ಮೈ ಜಾಡಿಸಿದರೆ ಅದು ಒಪ್ಪಿತು, ದೇವಿಯೂ ಒಪ್ಪಿದಳು ಎಂದರ್ಥ. ಅಲ್ಲಿಯವರೆಗೆ ಕತ್ತಿ ಏಳುವ ಹಾಗಿಲ್ಲ.

ಹೋದ ವರ್ಷ ಮೊಮ್ಮಗಳು ಸಾಕ್ಷಿಗೆ ಡೆಂಗಿ ಜ್ವರ ಬಂದಾಗ ಗುಂಡವ್ವ ಆಸ್ಪತ್ರೆಯ ವರಾಂಡದಲ್ಲಿ ಕೂತು ಹೋತ ಬೇಡಿಕೊಂಡಿದ್ದಳು. ಅದೇ ವರಾಂಡದಲ್ಲಿ ಸಿಂದಗಿಯ ಕ್ರೈಸ್ತ ಪ್ರಾರ್ಥನಾ ಮಂದಿರದ ಪ್ರೇಮಕುಮಾರ ಮಗುವಿಗಾಗಿ ಮೊಣಕಾಲೂರಿ ಪ್ರಾರ್ಥಿಸಿದ್ದ. ಮಗು ಉಳಿಯಿತು. ಯಾರಿಂದ ಉಳಿಯಿತೆಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ; ಡಾಕ್ಟರರ ಹೆಸರನ್ನಂತೂ ಯಾರೂ ಎತ್ತಿರಲಿಲ್ಲ. ಗುಂಡವ್ವ ಮಾತ್ರ ಅಂದಿನಿಂದ ಐತವಾರ ತಪ್ಪದೆ ಸಿಂದಗಿ ಬಸ್ಸು ಹತ್ತುತ್ತಿದ್ದಳು. ಬರುವ ವಾರ ಅವಳಿಗೆ ದೀಕ್ಷಾಸ್ನಾನ.

ಪ್ರೇಮಕುಮಾರ ಪಾಠ ಹೇಳುವುದೆಂದರೆ ಒಬ್ಬನೇ ನಾಟಕ ಆಡಿದಂತೆ. ಹಿಂದಿನ ಕಾಲದಲ್ಲಿ ಇಸ್ರಾಯೇಲ್ಯರು ಪಾಪ ಮಾಡಿದವನನ್ನು ಗುಡಾರದ ಬಾಗಿಲಿಗೆ ಕರೆಸುತ್ತಿದ್ದರು, ಅವನು ಕುರಿಯ ತಲೆಯ ಮೇಲೆ ಕೈಯಿಟ್ಟು ಅದನ್ನು ಕೊಯ್ಯುತ್ತಿದ್ದ, ಯಾಜಕ ರಕ್ತವನ್ನು ಯಜ್ಞವೇದಿಗೆ ಹಚ್ಚುತ್ತಿದ್ದ ಎಂದು ಹೇಳುವಾಗ ಪಾಪಿ, ಯಾಜಕ, ಕುರಿ ಮೂರೂ ಅವನೇ ಆಗುತ್ತಿದ್ದ. ಕುರಿಯ ಪಾತ್ರ ಉಳಿದೆರಡಕ್ಕಿಂತ ಚೆನ್ನಾಗಿ ಬರುತ್ತಿತ್ತು. ಎಷ್ಟು ಕೊಯ್ದರೂ ಪಾಪ ತೀರಲಿಲ್ಲ, ಕೊನೆಗೆ ಯೇಸುವೇ ಕುರಿಮರಿಯಾದ ಎಂದು ಅವನು ಮುಗಿಸಿದಾಗ ಗುಂಡವ್ವ ಎದ್ದು, ಆ ಕುರಿಗಳಿಗೆ ನೀರು ಹಾಕಿ ಕೇಳುತ್ತಿದ್ದರೇನೆಂದು ವಿಚಾರಿಸಿದ್ದಳು. ಹಾಗೆ ಬರೆದಿಲ್ಲ ಎಂದವನು ತುಸು ಯೋಚಿಸಿ, ಯೇಸುವನ್ನು ಮಾತ್ರ ಕೇಳಲಾಗಿತ್ತು ಎಂದ. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಅವನ ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬಿತ್ತು, ಈ ಸಂಕಟದ ಪಾತ್ರೆ ತನ್ನನ್ನು ದಾಟಿಹೋಗಲೆಂದು ದೇವರನ್ನು ಬೇಡಿದ, ಆಮೇಲೆ ನಿನ್ನ ಚಿತ್ತದಂತೆ ಆಗಲಿ ಎಂದ. ಆ ದಿನ ಪ್ರೇಮಕುಮಾರ ಯಾರ ದನಿಯನ್ನೂ ಅಣಕಿಸಲಿಲ್ಲ.

ಮೂರನೆಯ ಚೊಂಬೂ ಖಾಲಿಯಾಯಿತು. ಹೋತ ಕಣ್ಣು ಪಿಳುಕಿಸಿತು, ಅಷ್ಟೆ.

"ಕಿವ್ಯಾಗ ಒಂದ್ ಹನಿ ಬಿಡು, ತಾನ ಝಾಡಸ್ತೈತಿ," ಎಂದ ಪರಶು.

"ಬ್ಯಾಡ," ಎಂದಳು ಗುಂಡವ್ವ. "ಕೇಳೂದಂದ್ರ ಕೇಳಬೇಕು. ಕಿವಿ ಹಿಂಡಿ ಹೌದನ್ನಿಸಬಾರದು."

ಯಂಕಪ್ಪ ಚೊಂಬು ಕೆಳಗಿಟ್ಟ. "ವೈನಿ, ತಪ್ಪು ಹೋತಿಂದಲ್ಲ, ನಿಂದು. ಅದರ ತಲಿ ಮ್ಯಾಲ ಕೈ ಇಟ್ಟು, ಸಿಂದಗಿಗೆ ಹೋಗಿದ್ದು ತಪ್ಪಾತು, ಇನ್ನ ಹೋಗೂದಿಲ್ಲವ್ವ ಅನ್ನು. ಆಗ ಕೊಡವತೈತಿ ನೋಡು. ಇಲ್ಲಂದ್ರ ಕೂಸಿಗೆ ಮತ್ತ ಜ್ವರ ಬಂದ್ರ ಯಾರನ್ನ ಕೇಳೂಣು?"

ಮೂರು ಕಲ್ಲಿನ ಒಲೆಯ ಬಳಿ ಸೊಸೆ ಸೌಂದರ್ಯಾ ಸಾಕ್ಷಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆಯನ್ನೇ ನೋಡುತ್ತಿದ್ದಳು. ಅಂದುಬಿಡು ಅತ್ತಿ ಎಂಬಂತಿತ್ತು ಆ ನೋಟ. ಗುಂಡವ್ವನಿಗೆ ಆಸ್ಪತ್ರೆಯ ವರಾಂಡದ ತಣ್ಣಗಿನ ನೆಲ ನೆನಪಾಯಿತು. ಅವಳು ಹೋತಿನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಕೋಡುಗಳ ನಡುವೆ ಅಂಗೈಗೆ ಬಿಸಿ ತಾಗಿತು.

"ಯವ್ವಾ, ಕೂಸು ಉಳೀಲಿ ಅಂತ ಬೇಡಿದ್ದು ಖರೆ. ಸಿಂದಗಿಗೆ ಹೋಗಿದ್ದು ತಪ್ಪು ಅಂದ್ರ ಸುಳ್ಳಾಕ್ಕೈತಿ. ನನ್ನ ತಪ್ಪು ಬ್ಯಾರೇ ಅದಾವ, ಅವನ್ನ ಒಬ್ಬಾಂವ ತಾನ ಒಪ್ಪಿ ಹೊತ್ತಾನ. ಒಲ್ಲೆ ಅನ್ನೂ ಜೀವದ ಮ್ಯಾಲ ನಾ ಹೊರಸೂದಿಲ್ಲ."

ಕೈ ತೆಗೆದಳು. ಅದನ್ನೇ ಕಾದಿತ್ತೋ ಏನೋ, ಹೋತ ಕಿವಿಯಿಂದ ಬಾಲದವರೆಗೆ ಝಾಡಿಸಿಕೊಂಡಿತು. ಯಂಕಪ್ಪನ ಇಸ್ತ್ರಿ ಅಂಗಿಯ ತುಂಬ ಹನಿ. ಒಪ್ಪಿತು ಎಂದು ಪರಶು ಮುಂದೆ ಬಂದ. ಗುಂಡವ್ವ ಕತ್ತಿಗೂ ಹೋತಿಗೂ ನಡುವೆ ನಿಂತಳು.

"ಯಾವ ಮಾತಿಗೆ ಒಪ್ಪಿತು, ಯಂಕಪ್ಪ?"

ಯಂಕಪ್ಪ ಅಂಗಿಯ ಹನಿ ಒರೆಸಿಕೊಂಡ. ಕಲ್ಲನ್ನು ನೋಡಿದ, ಹೋತನ್ನು ನೋಡಿದ.

"ಹಗ್ಗ ಹಿಡದು ಹೊಂಟಿ ಅಂದ್ರ," ಎಂದ ತಗ್ಗಿದ ದನಿಯಲ್ಲಿ, "ನಮ್ಮ ಹೊಸ್ತಿಲ ತುಳೀಬ್ಯಾಡ."

"ಆತು," ಎಂದಳು ಅವಳು.

ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ತೊಗರಿ ಸಾಲಿನ ನಡುವೆ ನಡೆದಳು. ಹೋತ ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಎಲೆ ಕಡಿಯುತ್ತ ಬಂತು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮಗುವಿನ ಕಾಲ್ಗೆಜ್ಜೆಯ ಸಪ್ಪಳ, ಅದರ ಜೊತೆಗೆ ಇನ್ನೊಬ್ಬರ ಹೆಜ್ಜೆ. ಗುಂಡವ್ವ ತಿರುಗಿ ನೋಡಲಿಲ್ಲ. ನಡಿಗೆಯನ್ನು ಮಾತ್ರ ತುಸು ನಿಧಾನ ಮಾಡಿದಳು.