ಫ್ರೆಂಚ್ ರಾಕ್ಸ್‌ನಲ್ಲಿ ಹುಟ್ಟಿದವರು

೨೦೧೬ರ ನವೆಂಬರ್. ಅಮೆರಿಕದ ಕೆನ್ಮೋರ್‌ನಿಂದ ಹೊರಟಾಗ ಸರೋವರವೂ ರಸ್ತೆಯೂ ಮಂಜಿನಲ್ಲಿ ಒಂದೇ ಆಗಿದ್ದವು. ಪಕ್ಕದ ಮನೆಯ ರಾಧಮ್ಮ ನನ್ನ ಕಾರಿನಲ್ಲಿ ತೂಕಡಿಸುತ್ತಾ, "ಸ್ಟೇಷನ್ ಬಂತಾ ಮೈತ್ರಿ?" ಎಂದರು. ಯಾವ ಸ್ಟೇಷನ್ ಎಂದು ನಾನು ಕೇಳಲಿಲ್ಲ. ಆ ಬಿಳುಪಿನೊಳಗಿಂದ ಯಾವ ಊರು ಎದ್ದು ಬಂದರೂ ನಂಬುವ ಹಾಗಿತ್ತು.

ಹೋಗುತ್ತಿದ್ದುದು ಅವರ ಪೌರತ್ವದ ಸಂದರ್ಶನಕ್ಕೆ. ಊರಲ್ಲಿ ತಂಗಿ ಸಿದ್ದಮ್ಮ ಹಾಸಿಗೆ ಹಿಡಿದಿದ್ದರು. ಗ್ರೀನ್ ಕಾರ್ಡ್‌ನಲ್ಲಿ ಹೋಗಿ ವರ್ಷಗಟ್ಟಲೆ ಉಳಿದರೆ ಇಲ್ಲಿನ ಮಗ, ಮೊಮ್ಮಕ್ಕಳ ಬಳಿಗೆ ಮರಳುವುದು ಕಷ್ಟ. ಅಮೆರಿಕದ ಪಾಸ್‌ಪೋರ್ಟ್ ಸಿಕ್ಕರೆ ತಂಗಿಯ ಪಕ್ಕ ಎಷ್ಟು ದಿನ ಬೇಕಾದರೂ ಕೂರಬಹುದು. ತಂಗಿಯ ಬಳಿ ಹೋಗಬೇಕಾದರೆ ಮೊದಲು ತಂಗಿಯ ದೇಶವನ್ನೇ ಬಿಡಬೇಕು. ಇಂಥ ಕಾನೂನು ಮಾಡಿದವರಿಗೆ ತಂಗಿಯರೇ ಇರಲಿಲ್ಲವೇನೋ.

ಕಚೇರಿಯಲ್ಲಿ ರಾಧಮ್ಮನ ದುಭಾಷಿಯಾಗಿ, ಕೇಳಿದ್ದನ್ನು ಕೇಳಿದ ಹಾಗೆಯೇ ಅನುವಾದಿಸುತ್ತೇನೆಂದು ನಾನು ಕೈಯೆತ್ತಿ ಪ್ರಮಾಣ ಮಾಡಿದೆ. ಅಧಿಕಾರಿ ಕಾಗದ ನೋಡಿ ಹುಬ್ಬೇರಿಸಿದಳು. "ಹುಟ್ಟಿದ್ದು ಫ್ರೆಂಚ್ ರಾಕ್ಸ್. ನೀವು ಫ್ರಾನ್ಸಿನ ಪ್ರಜೆಯಾಗಿದ್ದಿರಾ?"

ರಾಧಮ್ಮ ನಕ್ಕುಬಿಟ್ಟರು. "ಅಯ್ಯೋ, ಪಾಂಡವಪುರ ಕಣವ್ವ! ಟಿಪ್ಪು ಕಾಲದಲ್ಲಿ ಫ್ರೆಂಚರ ದಂಡು ಅಲ್ಲಿ ಬೀಡು ಬಿಟ್ಟಿತ್ತು. ಅದಕ್ಕೇ ಇಂಗ್ಲಿಷರು ಆ ಹೆಸರಿಟ್ರು."

ಅಷ್ಟನ್ನೂ ಚಾಚೂ ತಪ್ಪದೆ ಹೇಳಿದೆ. ಅಧಿಕಾರಿ ಮುಂದಿನ ಪ್ರಶ್ನೆಗೆ ಬಂದಳು.

"ಬೇರೆ ದೇಶಗಳ ಮೇಲಿನ ನಿಷ್ಠೆಯನ್ನೆಲ್ಲ ತೊರೆಯುತ್ತೀರಾ?"

ರಾಧಮ್ಮ ಕಿಟಕಿಯಾಚೆಗಿನ ಮಂಜನ್ನು ನೋಡುತ್ತಾ ನಿದ್ದೆಯಲ್ಲಿ ಮಾತಾಡಿದಂತೆ ಹೇಳಿದರು. "ನಮ್ಮ ಹಿರೀಕ ಒಬ್ಬ ಫ್ರೆಂಚರ ಕೈಕೆಳಗೆ ಫಿರಂಗಿ ಹೊಡೀತಿದ್ದ. ಅವರಿಗೇ ನಿಯತ್ತಾಗಿರ್ತೀನಿ ಅಂತ ಆಣೆ ಇಟ್ಟ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೂ ಆಣೆ ಇಟ್ಟ. ಆಣೆ ಇಡಿಸ್ಕೊಂಡೋರೆಲ್ಲ ಗಂಟುಮೂಟೆ ಕಟ್ಕೊಂಡು ಹೋದ್ರು, ನಾವು ಅಲ್ಲೇ ಇದ್ವಿ. ಇವರಾದ್ರೂ ಇರ್ತಾರಾ, ಕೇಳು ಮಗಾ."

ಇದನ್ನು ಹೀಗೆಯೇ ಹೇಳಿದರೆ ಸಿದ್ದಮ್ಮ ಅಕ್ಕನಿಗಾಗಿ ಕಾಯುತ್ತಲೇ ಕಣ್ಣು ಮುಚ್ಚಬೇಕಾದೀತು. ಅಧಿಕಾರಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಯೆಸ್," ಎಂದೆ.

ಅವಳು ನಕ್ಕು ಗುರುತು ಹಾಕಿದಳು. ಸಂದರ್ಶನ ಪಾಸಾಯಿತು.

ಹೊರಗೆ ಕಾರು ಹುಡುಕುವಾಗ ನನಗೆ ಅಳು ಬಂತು. ಹಿರಿಯ ಜೀವದ ಮಾತನ್ನು ಕದ್ದಂತೆನಿಸಿತ್ತು. "ಆಂಟಿ, ನೀವು ಹೇಳಿದ್ದನ್ನ ನಾನು ಹೇಳ್ಲೇ ಇಲ್ಲ. ಬರೀ ಯೆಸ್ ಅಂದ್ಬಿಟ್ಟೆ."

ರಾಧಮ್ಮ ನನ್ನ ಕೈ ಹಿಡಿದುಕೊಂಡರು. "ಗೊತ್ತು ಬಿಡು, ಅಷ್ಟು ಇಂಗ್ಲಿಷ್ ನಂಗೂ ಬತ್ತದೆ. ನಮ್ಮ ಹಿರೀಕನ ಪರವಾಗೂ ಯಾರೋ ದುಭಾಷಿ ಹಿಂಗೇ ಹೂಂ ಅಂದಿರ್ಬೇಕು."